ಹಳೆಯ ಕಾರ್ಖಾನೆ ಜಾಗಕ್ಕೆ ಸರ್ಕಾರಿ ದುಡ್ಡು: ಅಮೆರಿಕದ ಬ್ರೌನ್‌ಫೀಲ್ಡ್ ಅನುದಾನ ಪಡೆಯುವ ಕ್ರಮ

ಮುಚ್ಚಿಹೋದ ಗಿರಣಿ, ಪಾಳುಬಿದ್ದ ಪೆಟ್ರೋಲ್ ಬಂಕ್, ಶಟರ್ ಎಳೆದ ಡ್ರೈಕ್ಲೀನಿಂಗ್ ಅಂಗಡಿ, ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡು. ಇಂಥ ಜಾಗಗಳಿಲ್ಲದ ಊರು ಅಮೆರಿಕದಲ್ಲಿ ಸಿಗುವುದು ಕಷ್ಟ. ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯಾದ ಇಪಿಎ ಅಂದಾಜಿನ ಪ್ರಕಾರ ದೇಶದಲ್ಲಿ ಇಂಥ ತಾಣಗಳು 4.5 ಲಕ್ಷಕ್ಕೂ ಹೆಚ್ಚು. ನೆಲದಲ್ಲಿ ವಿಷವಿದೆ ಎಂಬ ಅನುಮಾನವಿದ್ದರೂ ಸಾಕು, ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವರು ಹತ್ತಿರ ಸುಳಿಯುವುದಿಲ್ಲ. ಆ ಅನುಮಾನವನ್ನು ಪರೀಕ್ಷೆಯಿಂದ ಬಗೆಹರಿಸಲು, ವಿಷ ಇದ್ದರೆ ತೆಗೆಸಲು, ಫೆಡರಲ್ ಸರ್ಕಾರ ಪ್ರತಿವರ್ಷ ದುಡ್ಡು ಕೊಡುತ್ತದೆ. ಅದೇ ಬ್ರೌನ್‌ಫೀಲ್ಡ್ ಅನುದಾನ.

ಅಮೆರಿಕದಲ್ಲಿ ಸಿಟಿ, ಕೌಂಟಿ ಕಚೇರಿಗಳಲ್ಲಿ ಪ್ಲ್ಯಾನಿಂಗ್ ಕೆಲಸ ಮಾಡುವ ಕನ್ನಡಿಗರಿಗೆ, ಸಮುದಾಯ ಸಂಸ್ಥೆ ನಡೆಸುವವರಿಗೆ, ಸಭಾಭವನಕ್ಕೆಂದು ಕಡಿಮೆ ಬೆಲೆಯ ಹಳೆಯ ಕಟ್ಟಡ ಹುಡುಕುತ್ತಿರುವ ಕನ್ನಡ ಕೂಟಗಳಿಗೆ ಈ ಬರಹ. ಒಂದು ಮಾತು ಮೊದಲೇ ಹೇಳಬೇಕು. ಈ ಅನುದಾನ ಕೈತಪ್ಪುವುದು ಅರ್ಜಿಯ ಭಾಷೆ ಚೆನ್ನಾಗಿಲ್ಲ ಎಂದಲ್ಲ. ಹೆಚ್ಚಿನ ಸಲ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮ ತಪ್ಪಿರುತ್ತದೆ. ಆದ್ದರಿಂದ ಇಲ್ಲಿ ತಾರೀಕುಗಳ ಮಾತು ಹೆಚ್ಚು.

ಮೊದಲು: ಯಾವ ಜಾಗ, ಯಾರ ಹೊಣೆ

2002ರ ಜನವರಿ 11ರಂದು ಜಾರಿಗೆ ಬಂದ ಕಾಯ್ದೆ ಬ್ರೌನ್‌ಫೀಲ್ಡ್ ಎಂಬುದನ್ನು ಅಗಲವಾಗಿ ವಿವರಿಸುತ್ತದೆ: ಅಪಾಯಕಾರಿ ವಸ್ತು ಇರುವುದರಿಂದ ಅಥವಾ ಇರಬಹುದು ಎಂಬುದರಿಂದ ಮರುಬಳಕೆಗೆ ತೊಡಕಾಗಿರುವ ಯಾವುದೇ ಸ್ಥಿರಾಸ್ತಿ. ವಿಷ ಇದೆಯೆಂದು ಮೊದಲೇ ಸಾಬೀತು ಮಾಡಬೇಕಿಲ್ಲ. ಆದರೆ ಕೆಲವು ಜಾಗಗಳು ಹೊರಗುಳಿಯುತ್ತವೆ. ದೇಶದ ಅತಿ ಕಲುಷಿತ ಜಾಗಗಳ ಪಟ್ಟಿಯಾದ ಸೂಪರ್‌ಫಂಡ್ ರಾಷ್ಟ್ರೀಯ ಆದ್ಯತಾ ಪಟ್ಟಿಯಲ್ಲಿರುವ ತಾಣಗಳಿಗೆ ಮತ್ತು ಫೆಡರಲ್ ಸರ್ಕಾರದ ಸ್ವಂತ ಭೂಮಿಗೆ ಈ ದುಡ್ಡು ಇಲ್ಲ. ಪೆಟ್ರೋಲ್, ಡೀಸೆಲ್ ಸೋರಿದ ಜಾಗವಾದರೆ ಅದು ಅರ್ಹವೋ ಅಲ್ಲವೋ ಎಂದು ಸಾಮಾನ್ಯವಾಗಿ ಆಯಾ ರಾಜ್ಯ ನಿರ್ಧರಿಸುತ್ತದೆ. ಹಾಗಾಗಿ ಬಂಕ್ ಜಾಗದ ಕಡತವನ್ನು ಬೇರೆಯಾಗಿಯೇ ಇಡಿ.

ಎರಡನೆಯ ಪ್ರಶ್ನೆ ಹೊಣೆಯದು. 1980ರ ಸೂಪರ್‌ಫಂಡ್ ಕಾಯ್ದೆಯಡಿ ಮಾಲಿನ್ಯ ಮಾಡಿದವರಷ್ಟೇ ಅಲ್ಲ, ಜಾಗದ ಈಗಿನ ಮಾಲೀಕರೂ ಹೊಣೆಗಾರರಾಗಬಹುದು. ಹೊಣೆಗಾರರಾದವರಿಗೆ ಆ ಜಾಗದ ಮೇಲೆ ಅನುದಾನ ಸಿಗುವುದಿಲ್ಲ. ತೆರಿಗೆ ಬಾಕಿಯಿಂದ ಸಿಟಿಯ ಕೈಗೆ ಬಂದ ಜಾಗಕ್ಕೆ ವಿನಾಯಿತಿ ಇದೆ. ದುಡ್ಡು ಕೊಟ್ಟು ಕೊಳ್ಳುವವರಿಗೆ ಇರುವ ಮುಖ್ಯ ದಾರಿ: ಕೊಳ್ಳುವ ಮೊದಲೇ ಸರಿಯಾದ ವಿಚಾರಣೆ ಮಾಡಿಸಿ ‘ಪ್ರಾಮಾಣಿಕ ಖರೀದಿದಾರ’ ಎಂಬ ರಕ್ಷಣೆ ಪಡೆಯುವುದು. ಆ ವಿಚಾರಣೆಯ ಹೆಸರೇ ಫೇಸ್ 1.

ಫೇಸ್ 1: ಕ್ರಯಪತ್ರಕ್ಕೆ ಮುಂಚೆ, ಅದೂ ತಾಜಾ ಇರುವಾಗಲೇ

ಫೇಸ್ 1ರಲ್ಲಿ ಮಣ್ಣು ಅಗೆಯುವುದಿಲ್ಲ. ಪರಿಸರ ತಜ್ಞರು ಹಳೆಯ ದಾಖಲೆ ಓದುತ್ತಾರೆ, ಜಾಗ ಸುತ್ತುತ್ತಾರೆ, ಹಿಂದಿನ ಮತ್ತು ಈಗಿನ ಮಾಲೀಕರನ್ನು ಮಾತಾಡಿಸುತ್ತಾರೆ. ಬೆಂಕಿ ವಿಮೆಗೆಂದು ತಯಾರಾದ ಸ್ಯಾನ್‌ಬಾರ್ನ್ ನಕ್ಷೆಗಳಲ್ಲಿ ಕಾರ್ಖಾನೆಯ ಯಾವ ಮೂಲೆಯಲ್ಲಿ ಬಾಯ್ಲರ್ ಇತ್ತು, ಎಣ್ಣೆ ಟ್ಯಾಂಕ್ ಎಲ್ಲಿತ್ತು ಎಂಬುದು ಗೆರೆ ಎಳೆದಂತೆ ಸಿಗುತ್ತದೆ. ಹಳೆಯ ಸಿಟಿ ಡೈರೆಕ್ಟರಿ, ವೈಮಾನಿಕ ಚಿತ್ರ, ಸರ್ಕಾರಿ ಸೋರಿಕೆ ದಾಖಲೆ, ಶುದ್ಧೀಕರಣದ ವೆಚ್ಚಕ್ಕಾಗಿ ಭೂಮಿಯ ಮೇಲೆ ದಾಖಲಾದ ಪರಿಸರ ಋಣದ ಶೋಧ, ಎಲ್ಲವೂ ಬೇಕು. ಈಗ ಮಾನ್ಯವಾಗಿರುವ ಮಾನದಂಡ, ಎಎಸ್‌ಟಿಎಂ ಎಂಬ ಮಾನದಂಡ ಸಂಸ್ಥೆಯ ಇ1527-21. 2013ರ ಆವೃತ್ತಿಯನ್ನು ಇಪಿಎ ತನ್ನ ನಿಯಮದಿಂದ 2024ರ ಫೆಬ್ರವರಿಯಲ್ಲಿ ತೆಗೆದುಹಾಕಿದೆ. ಸಲಹೆಗಾರರು ಹಳೆಯ ನಮೂನೆಯಲ್ಲೇ ವರದಿ ಕೊಟ್ಟರೆ ವಾಪಸ್ ಕಳಿಸಿ.

ಅತಿ ಹೆಚ್ಚು ಜನ ಎಡವುವುದು ವರದಿಯ ಆಯುಷ್ಯದಲ್ಲಿ. ಫೇಸ್ 1 ಜಾಗ ನಿಮ್ಮ ಹೆಸರಿಗೆ ಬರುವ ದಿನಕ್ಕೆ ಹಿಂದಿನ ಒಂದು ವರ್ಷದೊಳಗೆ ಆಗಿರಬೇಕು. ಅದರೊಳಗಿನ ಐದು ಭಾಗಗಳು, ಅಂದರೆ ಸಂದರ್ಶನ, ಋಣಶೋಧ, ಸರ್ಕಾರಿ ದಾಖಲೆಗಳ ಪರಿಶೀಲನೆ, ಸ್ಥಳ ಪರಿಶೀಲನೆ, ತಜ್ಞರ ಘೋಷಣೆ, ಇವು 180 ದಿನದೊಳಗಿನವಾಗಿರಬೇಕು. ಲೆಕ್ಕ ಶುರುವಾಗುವುದು ವರದಿಯ ಮುಖಪುಟದ ತಾರೀಕಿನಿಂದ ಅಲ್ಲ, ಒಂದೊಂದು ಭಾಗ ನಡೆದ ದಿನದಿಂದ.

ಲೆಕ್ಕ ಹಾಕಿ ನೋಡೋಣ. ಜನವರಿ 10ಕ್ಕೆ ಹಳೆಯ ಮಾಲೀಕರ ಸಂದರ್ಶನ ಆಯಿತು. ವರದಿ ಫೆಬ್ರವರಿ 20ಕ್ಕೆ ಕೈಸೇರಿತು. ಕ್ರಯ ಜುಲೈ 20ಕ್ಕೆ ಎಂದಾಯಿತು. ವರದಿಯ ತಾರೀಕಿನಿಂದ ಎಣಿಸಿದರೆ 150 ದಿನ, ತೊಂದರೆಯಿಲ್ಲ ಎನಿಸುತ್ತದೆ. ಆದರೆ ಸಂದರ್ಶನಕ್ಕೆ ಜುಲೈ 9ಕ್ಕೇ 180 ದಿನ ತುಂಬಿತ್ತು. ಜುಲೈ 20ಕ್ಕೆ ಅದು 191 ದಿನ ಹಳೆಯದು. ಆ ಭಾಗವನ್ನು ಹೊಸದಾಗಿ ಮಾಡಿಸದೆ ಸಹಿ ಹಾಕಿದರೆ ರಕ್ಷಣೆ ಹೋಯಿತು, ಅದರ ಹಿಂದೆಯೇ ಕ್ಲೀನಪ್ (ಶುದ್ಧೀಕರಣ) ಅನುದಾನದ ಅರ್ಹತೆಯೂ ಹೋಯಿತು. ಕ್ರಯದ ದಿನ ಗೊತ್ತಾದ ಕೂಡಲೇ ಐದೂ ತಾರೀಕುಗಳನ್ನು ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಿ. ಕ್ರಯ ಮುಂದಕ್ಕೆ ಹೋದಾಗಲೆಲ್ಲ ಆ ಹಾಳೆ ನೋಡಿ.

ವರದಿಯನ್ನು ಯಾರ ಹೆಸರಿಗೆ ಬರೆಸುತ್ತೀರಿ ಎಂಬುದೂ ಮುಖ್ಯ. ಮಾರುವವರು ಮಾಡಿಸಿದ ಫೇಸ್ 1 ಅನ್ನು ಹಾಗೇ ನೆಚ್ಚಿಕೊಳ್ಳಬೇಡಿ. ಕೊಳ್ಳುವ ಸಂಸ್ಥೆಯೇ ವರದಿಯ ಬಳಕೆದಾರ ಎಂದು ನಮೂದಾಗಿರಲಿ, ಬಳಕೆದಾರರು ತುಂಬಬೇಕಾದ ಪ್ರಶ್ನಾವಳಿಯನ್ನು ತುಂಬಿರಲಿ. ಕೊಂಡ ಮೇಲೂ ಕರ್ತವ್ಯ ಮುಗಿಯುವುದಿಲ್ಲ: ಸೋರುತ್ತಿರುವ ಡ್ರಮ್ಮು ಕಂಡರೆ ನಿಲ್ಲಿಸಬೇಕು, ಜನ ಒಳನುಗ್ಗದಂತೆ ಬೇಲಿ ಹಾಕಬೇಕು, ತನಿಖೆಗೆ ಬಂದವರಿಗೆ ಸಹಕರಿಸಬೇಕು.

ಯಾವ ದುಡ್ಡು ಕೇಳಬೇಕು

ಒಂದೇ ಒಂದು ಸಣ್ಣ ಜಾಗದ ಚಿಂತೆಯಾದರೆ ದೊಡ್ಡ ಸ್ಪರ್ಧೆಗೆ ಇಳಿಯುವುದೇ ಬೇಡ ಎಂಬುದು ನಮ್ಮ ಸಲಹೆ. ಇಪಿಎಯ ಹತ್ತೂ ಪ್ರಾದೇಶಿಕ ಕಚೇರಿಗಳು ಟಾರ್ಗೆಟೆಡ್ ಬ್ರೌನ್‌ಫೀಲ್ಡ್ ಅಸೆಸ್‌ಮೆಂಟ್ ಎಂಬ ಸೇವೆ ಕೊಡುತ್ತವೆ. ಇದರಲ್ಲಿ ನಿಮ್ಮ ಕೈಗೆ ದುಡ್ಡು ಬರುವುದಿಲ್ಲ. ಇಪಿಎಯ ಗುತ್ತಿಗೆದಾರರೇ ಬಂದು ಫೇಸ್ 1 ಮತ್ತು ಮಣ್ಣು, ನೀರಿನ ಮಾದರಿ ಪರೀಕ್ಷಿಸುವ ಫೇಸ್ 2 ಮಾಡಿ ವರದಿ ಕೊಡುತ್ತಾರೆ. ಅರ್ಜಿ ಚಿಕ್ಕದು, ಲೆಕ್ಕಪತ್ರದ ಹೊರೆ ಇಲ್ಲ. ಹಲವು ರಾಜ್ಯಗಳ ಪರಿಸರ ಇಲಾಖೆಗಳೂ ಇಂಥದ್ದೇ ಸೇವೆ ನೀಡುತ್ತವೆ. ಅಷ್ಟೇ ಅಲ್ಲ, ನಿಮ್ಮ ಸಿಟಿಯೋ ಕೌಂಟಿಯೋ ಈಗಾಗಲೇ ಅಸೆಸ್‌ಮೆಂಟ್ ಅನುದಾನ, ಅಂದರೆ ಜಾಗ ಪರೀಕ್ಷಿಸುವ ದುಡ್ಡು, ಪಡೆದಿದ್ದರೆ ಅದರಲ್ಲೇ ನಿಮ್ಮ ಜಾಗವನ್ನು ಸೇರಿಸಬಹುದೇ ಎಂದು ಕೇಳಿ. ಕನ್ನಡ ಕೂಟದಂಥ ಸಂಸ್ಥೆಗೆ ಬಹುಪಾಲು ಇದೇ ಸುಲಭದ ಬಾಗಿಲು.

ಹಲವು ಜಾಗಗಳಿದ್ದರೆ ಅಸೆಸ್‌ಮೆಂಟ್ ಅನುದಾನ. 2025ರ ಸುತ್ತಿನಲ್ಲಿ ಊರುಮಟ್ಟದ ಅಸೆಸ್‌ಮೆಂಟ್‌ಗೆ ಗರಿಷ್ಠ 5 ಲಕ್ಷ ಡಾಲರ್, ಹಲವು ಸಂಸ್ಥೆಗಳು ಕೂಡಿ ಕೇಳುವ ಕೊಅಲಿಷನ್‌ಗೆ 15 ಲಕ್ಷ ಡಾಲರ್ ಇತ್ತು. ಅವಧಿ ನಾಲ್ಕು ವರ್ಷ. ಇಲ್ಲಿ ಜಾಗ ನಿಮ್ಮದೇ ಆಗಿರಬೇಕಿಲ್ಲ, ಮಾಲೀಕರ ಒಪ್ಪಿಗೆ ಪತ್ರ ಸಾಕು. ಕ್ಲೀನಪ್ ಅನುದಾನ ಹಾಗಲ್ಲ: ಅರ್ಜಿ ಹಾಕುವವರೇ ಜಾಗದ ಮಾಲೀಕರಾಗಿರಬೇಕು, ಫೇಸ್ 2 ಆಗಿರಬೇಕು. ಅದಕ್ಕೆ 2025ರ ಗರಿಷ್ಠ ಮಿತಿ 40 ಲಕ್ಷ ಡಾಲರ್. ರಿವಾಲ್ವಿಂಗ್ ಲೋನ್ ಫಂಡ್ ಎಂಬುದು ಸಾಲ ಕೊಟ್ಟು, ವಾಪಸ್ ಬಂದದ್ದನ್ನು ಮತ್ತೆ ಸಾಲ ಕೊಡುವ ನಿಧಿ. ಬ್ಯಾಂಕಿನಂತೆ ನಡೆಸುವ ಸಿಬ್ಬಂದಿ ಇಲ್ಲದವರು ಅದಕ್ಕೆ ಕೈಹಾಕಬಾರದು.

ಸ್ಥಳೀಯ ಸರ್ಕಾರ, ರಾಜ್ಯ, ಮೂಲನಿವಾಸಿ ಸರ್ಕಾರ, ರಿಡೆವಲಪ್‌ಮೆಂಟ್ ಸಂಸ್ಥೆಗಳು, ತೆರಿಗೆ ಕಾಯ್ದೆಯ 501ಸಿ3 ಮಾನ್ಯತೆಯ ಲಾಭರಹಿತ ಸಂಸ್ಥೆಗಳು ಅರ್ಜಿ ಹಾಕಬಹುದು. ಖಾಸಗಿ ವ್ಯಕ್ತಿಗೂ ಲಾಭದ ಕಂಪನಿಗೂ ನೇರ ಅನುದಾನ ಇಲ್ಲ. 2021ರ ಮೂಲಸೌಕರ್ಯ ಕಾಯ್ದೆ ಬ್ರೌನ್‌ಫೀಲ್ಡ್ ಕೆಲಸಕ್ಕೆ 150 ಕೋಟಿ ಡಾಲರ್ ಮೀಸಲಿಟ್ಟಿತು. ಆ ದುಡ್ಡಿನಿಂದ ಕೊಟ್ಟ ಅನುದಾನಕ್ಕೆ ಸ್ವಂತ ಪಾಲು ಹಾಕಬೇಕಿರಲಿಲ್ಲ. ಮಾಮೂಲಿ ನಿಯಮದಲ್ಲಿ ಕ್ಲೀನಪ್‌ಗೆ ಶೇ 20ರ ಪಾಲು ಬೇಕು. ನೀವು ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯಲ್ಲಿ ಮೊದಲು ಓದಬೇಕಾದ ಸಾಲು ಇದು.

ಕರ್ನಾಟಕದಲ್ಲಿ ಈ ತರಹದ ಮುಕ್ತ ಸ್ಪರ್ಧೆಯ ಅನುದಾನ ಇಲ್ಲ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ತಾಣಗಳ ನಿರ್ವಹಣೆಗೆ ಪ್ರತ್ಯೇಕ ನಿಯಮ ತಂದಿತು. ಮಾಲಿನ್ಯ ಮಾಡಿದವರೇ ವೆಚ್ಚ ಭರಿಸಬೇಕು ಎಂಬುದು ಅದರ ತಿರುಳು. 2001ರ ಫೆಬ್ರವರಿ 28ರಂದು ಮುಚ್ಚಿದ ಕೆಜಿಎಫ್ ಗಣಿಯ ಸಯನೈಡ್ ಗುಡ್ಡಗಳನ್ನು ನೋಡಿದವರಿಗೆ ಗೊತ್ತು, ಗಾಳಿ ಬೀಸಿದಾಗ ಆ ಧೂಳು ಯಾರ ಮನೆಗೆ ಹೋಗುತ್ತದೆ ಎಂದು. ದುಡ್ಡಿನ ದಾರಿ ಬೇರೆಯಾದರೂ ಹಳೆಯ ದಾಖಲೆ ಓದುವ, ಮಾದರಿ ತೆಗೆಯುವ ವಿಧಾನ ಅಲ್ಲಿಗೂ ಸಲ್ಲುತ್ತದೆ.

ಅರ್ಜಿಗೆ ಮೊದಲು ನೋಂದಣಿ

ಫೆಡರಲ್ ಸರ್ಕಾರದ ಸ್ಯಾಮ್ ಡಾಟ್ ಗೌ ಜಾಲತಾಣದಲ್ಲಿ ಸಂಸ್ಥೆಯ ನೋಂದಣಿ ಆಗಿ ಯುಇಐ ಎಂಬ ಗುರುತಿನ ಸಂಖ್ಯೆ ಸಿಗದೆ ಅರ್ಜಿ ಒಳಗೇ ಹೋಗುವುದಿಲ್ಲ. ತೆರಿಗೆ ಇಲಾಖೆಯಲ್ಲಿರುವ ಹೆಸರಿಗೂ ನೀವು ತುಂಬಿದ ಹೆಸರಿಗೂ ಒಂದು ಅಲ್ಪವಿರಾಮ ವ್ಯತ್ಯಾಸವಾದರೂ ಕಡತ ನಿಲ್ಲಬಹುದು. ತಿಂಗಳಿಗೂ ಹೆಚ್ಚು ಹಿಡಿಯಬಹುದು, ಪ್ರತಿವರ್ಷ ನವೀಕರಿಸಲೂ ಬೇಕು. ಆಮೇಲೆ ಅರ್ಜಿ ಸಲ್ಲಿಸುವ ತಾಣವಾದ ಗ್ರಾಂಟ್ಸ್ ಡಾಟ್ ಗೌನಲ್ಲಿ ಸಹಿ ಹಾಕುವ ಅಧಿಕೃತ ಪ್ರತಿನಿಧಿಯನ್ನು ನೇಮಿಸಬೇಕು. ಆ ವ್ಯಕ್ತಿ ಕೆಲಸ ಬಿಟ್ಟುಹೋಗಿದ್ದು ಕೊನೆಯ ದಿನ ಗೊತ್ತಾದರೆ ಮಾಡಲು ಏನೂ ಉಳಿಯುವುದಿಲ್ಲ. 2024 ಮತ್ತು 2025ರ ಸುತ್ತುಗಳಲ್ಲಿ ಪ್ರಕಟಣೆ ಬೇಸಿಗೆ ಮುಗಿಯುವ ಹೊತ್ತಿಗೆ ಬಂದು, ನವೆಂಬರ್ ನಡುವೆ ಗಡುವು ಇತ್ತು. ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ. ಜೂನ್‌ನಲ್ಲೇ ನೋಂದಣಿ ಸರಿಯಿದೆಯೇ ನೋಡಿಕೊಳ್ಳಿ.

ಈ ಹಂತದಲ್ಲೇ ಉಚಿತ ನೆರವು ಕೇಳಿ. ಟ್ಯಾಬ್ ಎಂಬ ತಾಂತ್ರಿಕ ನೆರವಿನ ಯೋಜನೆಗೆ ಇಪಿಎ ದುಡ್ಡು ಕೊಡುತ್ತದೆ. ಕನ್ಸಾಸ್ ಸ್ಟೇಟ್ ಯೂನಿವರ್ಸಿಟಿ ಅದನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದೆ. ಅವರ ಟ್ಯಾಬ್ ಈಜಿ ಎಂಬ ಉಚಿತ ಸಾಧನ ಪ್ರಶ್ನೆಯಿಂದ ಪ್ರಶ್ನೆಗೆ ಕೈಹಿಡಿದು ಅರ್ಜಿ ಬರೆಸುತ್ತದೆ. ಕರಡನ್ನು ಟ್ಯಾಬ್‌ನವರಿಗೆ ತೋರಿಸಿ ಅಭಿಪ್ರಾಯವನ್ನೂ ಕೇಳಬಹುದು.

ಹತ್ತು ಪುಟದ ಅರ್ಜಿ

ಮುಖ್ಯ ನಿರೂಪಣೆಗೆ ಹತ್ತು ಪುಟದ ಮಿತಿ. ಹನ್ನೊಂದನೆಯ ಪುಟವನ್ನು ಪರಿಶೀಲಕರು ಓದುವುದಿಲ್ಲ. ಅಂಕ ಕೊಡುವುದು ನಾಲ್ಕು ವಿಷಯಕ್ಕೆ: ಯಾವ ಪ್ರದೇಶ ಮತ್ತು ಅದನ್ನು ಏನು ಮಾಡುತ್ತೀರಿ, ಊರಿನ ಅಗತ್ಯ ಮತ್ತು ಜನರ ಪಾಲ್ಗೊಳ್ಳುವಿಕೆ, ಕೆಲಸದ ಪಟ್ಟಿ ಮತ್ತು ಖರ್ಚು, ನಿಮ್ಮ ನಿಭಾಯಿಸುವ ಶಕ್ತಿ. ‘ನಮ್ಮ ಊರಿನಲ್ಲಿ ಹಲವು ಕಲುಷಿತ ಜಾಗಗಳಿವೆ’ ಎಂದು ಬರೆದರೆ ಅಂಕ ಬರುವುದಿಲ್ಲ. ‘ನದಿ ಪಕ್ಕದ 6 ಎಕರೆ ಪ್ಲೇಟಿಂಗ್ ಶೆಡ್, ಕ್ರೋಮಿಯಂ ಮತ್ತು ನಿಕಲ್ ಅನುಮಾನ, 300 ಅಡಿ ದೂರದಲ್ಲಿ ಪ್ರಾಥಮಿಕ ಶಾಲೆ, ಸಿಟಿ ಯೋಜನೆಯಲ್ಲಿ ಮನೆಗಳಿಗೆ ಗುರುತಿಸಿದ ಜಾಗ’ ಎಂದು ಬರೆಯಿರಿ. ಯಾವ ಉದ್ಯಮ ಯಾವ ವಿಷ ಬಿಡುತ್ತದೆ ಎಂಬುದು ಗೊತ್ತಿರಬೇಕು. ಡ್ರೈಕ್ಲೀನಿಂಗ್ ಎಂದರೆ ಟೆಟ್ರಾಕ್ಲೋರೋಎಥಿಲೀನ್. ಅದು ಕಾಂಕ್ರೀಟ್ ನೆಲವನ್ನೂ ದಾಟಿ ಕೆಳಗಿಳಿಯುತ್ತದೆ, ಆವಿಯಾಗಿ ಪಕ್ಕದ ಕಟ್ಟಡದೊಳಗೆ ಮೇಲೇಳುತ್ತದೆ. ಮರ ಸಂಸ್ಕರಣೆಯಾದರೆ ಕ್ರಿಯೋಸೋಟ್, ಆರ್ಸೆನಿಕ್. ಹಳೆಯ ಕಲ್ಲಿದ್ದಲು ಅನಿಲ ಘಟಕವಾದರೆ ಟಾರು. ಹಳೆಯ ಬಂಕ್ ಆದರೆ ಬೆಂಜೀನ್, ಸೀಸ.

5 ಲಕ್ಷ ಡಾಲರ್ ಅಸೆಸ್‌ಮೆಂಟ್‌ಗೆ ಒಂದು ಮಾದರಿ ಲೆಕ್ಕ ಹೀಗಿರಬಹುದು. ಫೇಸ್ 1 ಇಪ್ಪತ್ತು ಜಾಗಕ್ಕೆ ತಲಾ 5,000, ಒಟ್ಟು 1,00,000. ಮಾದರಿ ತೆಗೆಯುವ, ಪರೀಕ್ಷಿಸುವ ವಿಧಾನವನ್ನು ಬರೆದಿಡುವ ಗುಣಮಟ್ಟ ಖಾತರಿ ಯೋಜನೆಗೆ 7,000. ಫೇಸ್ 2 ಏಳು ಜಾಗಕ್ಕೆ ತಲಾ 34,000, ಒಟ್ಟು 2,38,000. ಶುದ್ಧೀಕರಣ ಮತ್ತು ಮರುಬಳಕೆ ಯೋಜನೆಗೆ 60,000. ಜನಸಂಪರ್ಕಕ್ಕೆ 25,000. ಸಲಹೆಗಾರರ ಮೇಲ್ವಿಚಾರಣೆ ಮತ್ತು ವರದಿಗೆ 45,000. ಆಡಳಿತ ವೆಚ್ಚ 25,000, ಅದು ಸರಿಯಾಗಿ ಶೇ 5. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಪ್ರತಿ ಸಾಲಿನಲ್ಲೂ ‘ಎಷ್ಟು, ತಲಾ ಎಷ್ಟು’ ಎಂಬುದು ಕಾಣಬೇಕು. ಒಟ್ಟು ಮೊತ್ತ ಮಾತ್ರ ಬರೆದರೆ ಅಂಕ ಹೋಗುತ್ತದೆ. ದಂಡ ಕಟ್ಟಲು, ಅರ್ಜಿ ಬರೆಸಿದ ಖರ್ಚಿಗೆ ಈ ದುಡ್ಡು ಬಳಸುವಂತಿಲ್ಲ.

ಕ್ಲೀನಪ್ ಅರ್ಜಿಯಲ್ಲಿ ಇನ್ನೊಂದು ಗಡುವು ಅಡಗಿದೆ. ಶುದ್ಧೀಕರಣದ ಪರ್ಯಾಯಗಳನ್ನು ಹೋಲಿಸುವ ಕರಡು ಮತ್ತು ಅರ್ಜಿಯ ಕರಡನ್ನು ಜನರ ಮುಂದಿಟ್ಟು, ಅರ್ಜಿ ಸಲ್ಲಿಸುವುದಕ್ಕೆ ಕನಿಷ್ಠ 14 ದಿನ ಮುಂಚೆ ಪ್ರಕಟಣೆ ಕೊಟ್ಟು, ಸಭೆ ಕರೆದು, ಬಂದ ಮಾತುಗಳಿಗೆ ಉತ್ತರ ಬರೆದು ಲಗತ್ತಿಸಬೇಕು. ಗಡುವು ನವೆಂಬರಿನಲ್ಲಿದ್ದರೆ ಅಕ್ಟೋಬರ್ ಮೊದಲ ವಾರವೇ ಪ್ರಕಟಣೆ ಹೋಗಲಿ. ರಾಜ್ಯ ಪರಿಸರ ಇಲಾಖೆಯ ಪತ್ರವೂ ಬೇಕು, ಅವರಿಗೂ ಸಮಯ ಕೊಡಿ. ಈಗಾಗಲೇ ಒಂದು ಅಸೆಸ್‌ಮೆಂಟ್ ಅನುದಾನ ಕೈಯಲ್ಲಿದ್ದು ಇನ್ನೊಂದು ಕೇಳುವವರು ಹಳೆಯದರಲ್ಲಿ ಶೇ 70 ಪಡೆದು ಖರ್ಚು ಮಾಡಿರಬೇಕು ಎಂಬ ಷರತ್ತನ್ನೂ ನೆನಪಿಡಿ.

ಸಲಹೆಗಾರರ ಆಯ್ಕೆಯಲ್ಲಿ ಒಂದು ಹಳ್ಳವಿದೆ. ‘ಅರ್ಜಿ ನಾವು ಪುಕ್ಕಟೆ ಬರೆದುಕೊಡುತ್ತೇವೆ, ದುಡ್ಡು ಬಂದ ಮೇಲೆ ಕೆಲಸ ನಮಗೇ ಕೊಡಿ’ ಎಂಬ ಮಾತಿಗೆ ಒಪ್ಪಬೇಡಿ. ಫೆಡರಲ್ ಖರೀದಿ ನಿಯಮದಂತೆ ಮುಕ್ತ ಸ್ಪರ್ಧೆಯಿಂದಲೇ ಸಲಹೆಗಾರರನ್ನು ಆರಿಸಬೇಕು. ಟೆಂಡರಿನ ಷರತ್ತು ಬರೆದವರು ಅದೇ ಟೆಂಡರಿಗೆ ಸ್ಪರ್ಧಿಸುವಂತಿಲ್ಲ. ಇದು ಆಡಿಟ್‌ನಲ್ಲಿ ಸಿಕ್ಕಿಬಿದ್ದರೆ ಖರ್ಚಾದ ದುಡ್ಡನ್ನು ವಾಪಸ್ ಕಟ್ಟಬೇಕಾಗಬಹುದು.

ದುಡ್ಡು ಬಂದ ಮೇಲೆ

ಮಂಜೂರಾತಿ ಸುದ್ದಿ ಬಂದ ವಾರವೇ ಡ್ರಿಲ್ಲಿಂಗ್ ಯಂತ್ರ ಕರೆಸಬೇಡಿ. ಇಪಿಎ ಜೊತೆ ಸಹಕಾರ ಒಪ್ಪಂದಕ್ಕೆ ಸಹಿಯಾಗಬೇಕು, ಒಂದೊಂದು ಜಾಗವೂ ಅರ್ಹ ಎಂದು ಇಪಿಎ ಅಧಿಕಾರಿ ಬರಹದಲ್ಲಿ ಒಪ್ಪಬೇಕು, ಗುಣಮಟ್ಟ ಖಾತರಿ ಯೋಜನೆಗೆ ಅನುಮೋದನೆ ಬರಬೇಕು. ಅನುಮೋದನೆಗೆ ಮುಂಚೆ ತೆಗೆದ ಮಾದರಿಯ ಖರ್ಚು ನಿಮ್ಮ ತಲೆಯ ಮೇಲೆ. ನೆಲ ಅಗೆಯುವ ಮುನ್ನ ಐತಿಹಾಸಿಕ ಕಟ್ಟಡ, ಅಪಾಯದಂಚಿನ ಜೀವಿಗಳ ಕುರಿತ ಫೆಡರಲ್ ಪರಿಶೀಲನೆಯೂ ಮುಗಿದಿರಬೇಕು.

ನಿಜವಾಗಿ ಕೆಲಸ ಕುಂಟುವುದು ಮಾಲೀಕರ ಒಪ್ಪಿಗೆಯಲ್ಲಿ. ‘ಪರೀಕ್ಷೆ ಮಾಡಿಸಿ ವಿಷ ಸಿಕ್ಕರೆ ನಾನು ಸಿಕ್ಕಿಬೀಳುತ್ತೇನೆ’ ಎಂಬ ಭಯ ಅವರದು, ಅದರಲ್ಲಿ ತಪ್ಪಿಲ್ಲ. ವರದಿ ಯಾರಿಗೆ ಹೋಗುತ್ತದೆ, ರಾಜ್ಯಕ್ಕೆ ತಿಳಿಸಲೇಬೇಕಾದ್ದು ಯಾವುದು ಎಂಬುದನ್ನು ಮೊದಲೇ ಬಾಯಿಬಿಟ್ಟು ಹೇಳಿ. ಅರ್ಜಿ ಹಾಕುವ ಮೊದಲೇ ಎರಡು ಮೂರು ಮುಖ್ಯ ಜಾಗಗಳ ಮಾಲೀಕರಿಂದ ಲಿಖಿತ ಒಪ್ಪಿಗೆ ಪಡೆದಿಟ್ಟುಕೊಂಡರೆ ಒಂದು ವರ್ಷ ಉಳಿಯುತ್ತದೆ.

ಫೇಸ್ 2ರಲ್ಲಿ ಮಣ್ಣು, ಅಂತರ್ಜಲ, ಮಣ್ಣಿನೊಳಗಿನ ಆವಿ, ಮೂರನ್ನೂ ಪರೀಕ್ಷಿಸಬೇಕೇ ಎಂಬುದನ್ನು ಫೇಸ್ 1ರ ಅನುಮಾನಗಳೇ ಹೇಳುತ್ತವೆ. ಮಾದರಿ ತೆಗೆಯುವ ದಿನ ಒಮ್ಮೆಯಾದರೂ ಪಕ್ಕದಲ್ಲಿ ನಿಂತು ನೋಡಿ. ದ್ರಾವಕ ಪರೀಕ್ಷೆಗೆ ನೀರನ್ನು 40 ಮಿಲಿಲೀಟರಿನ ಗಾಜಿನ ಶೀಶೆಯಲ್ಲಿ ಬಾಯಿಯ ಅಂಚಿನವರೆಗೆ ತುಂಬಿ, ಉಬ್ಬಿದ ನೀರಿನ ಮೇಲೆ ಮುಚ್ಚಳ ತಿರುಗಿಸಿ, ಶೀಶೆಯನ್ನು ತಲೆಕೆಳಗು ಮಾಡಿ ಬೆರಳಿನಿಂದ ತಟ್ಟುತ್ತಾರೆ. ಬಟಾಣಿ ಗಾತ್ರದ ಗುಳ್ಳೆ ಮೇಲೇರಿದರೆ ಆ ಮಾದರಿ ಕೆಟ್ಟಂತೆ, ಏಕೆಂದರೆ ಹುಡುಕುತ್ತಿರುವ ದ್ರಾವಕವೇ ಆ ಗುಳ್ಳೆಗೆ ಹಾರಿಹೋಗಿ ಫಲಿತಾಂಶ ಕಡಿಮೆ ಬರುತ್ತದೆ. ಶೀಶೆಗಳು ಐಸ್ ಪೆಟ್ಟಿಗೆಯಲ್ಲಿ 6 ಡಿಗ್ರಿ ಸೆಲ್ಸಿಯಸ್ ಮೀರದೆ, ಹೆಪ್ಪುಗಟ್ಟದೆ ಇರಬೇಕು. ಆಮ್ಲ ಹಾಕಿ ಕೆಡದಂತೆ ಇಟ್ಟ ನೀರನ್ನು 14 ದಿನದೊಳಗೆ ಪರೀಕ್ಷಿಸಬೇಕು. ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಹಾಳೆಯಲ್ಲಿ ಒಂದು ಸಹಿ ತಪ್ಪಿದರೂ ಆ ಫಲಿತಾಂಶವನ್ನು ಪ್ರಶ್ನಿಸಬಹುದು. ಶುಕ್ರವಾರ ಸಂಜೆ ಲ್ಯಾಬಿಗೆ ಪೆಟ್ಟಿಗೆ ಕಳಿಸಬೇಡಿ; ವಾರಾಂತ್ಯದಲ್ಲಿ ಐಸ್ ಕರಗುತ್ತದೆ.

ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು, ಜೊತೆಗೆ ಏಕರ್ಸ್ ಎಂಬ ಇಪಿಎ ದತ್ತಾಂಶ ವ್ಯವಸ್ಥೆಯಲ್ಲಿ ಒಂದೊಂದು ಜಾಗದ ವಿವರ ತುಂಬಬೇಕು. ವರದಿಯ ಗಡುವು ತ್ರೈಮಾಸಿಕ ಮುಗಿದ 30 ದಿನದೊಳಗೆ. ಮುಂದಿನ ಅರ್ಜಿಯಲ್ಲಿ ‘ಹಿಂದಿನ ನಿರ್ವಹಣೆ’ ಎಂಬ ಅಂಕ ಇಲ್ಲಿಂದಲೇ ಬರುತ್ತದೆ.

ಶುದ್ಧೀಕರಣ ಮತ್ತು ಅದರ ನಂತರ

ಎಲ್ಲ ಮಣ್ಣನ್ನೂ ಅಗೆದು ಸಾಗಿಸುವುದು ಒಂದು ದಾರಿ, ಬಲು ದುಬಾರಿ. ಕೆಟ್ಟ ಭಾಗವನ್ನಷ್ಟೇ ತೆಗೆದು ಉಳಿದದ್ದರ ಮೇಲೆ ಶುದ್ಧ ಮಣ್ಣಿನ ಹೊದಿಕೆ ಅಥವಾ ಡಾಂಬರು ಹಾಕುವುದು ಇನ್ನೊಂದು. ಕಟ್ಟಡದಡಿ ಆವಿ ತಡೆಯುವ ಪದರ ಮತ್ತು ಗಾಳಿ ಎಳೆಯುವ ಕೊಳವೆ ಮತ್ತೊಂದು. ಪರಿಣಾಮ, ಮಾಡಲು ಸಾಧ್ಯವೇ, ಖರ್ಚು, ಈ ಮೂರರಲ್ಲಿ ಹೋಲಿಸಿ ನಿರ್ಧರಿಸಬೇಕು. ರಾಜ್ಯದ ಸ್ವಯಂಪ್ರೇರಿತ ಶುದ್ಧೀಕರಣ ಯೋಜನೆಯಲ್ಲಿ ಜಾಗವನ್ನು ಮೊದಲೇ ನೋಂದಾಯಿಸಿ. ಕೊನೆಯಲ್ಲಿ ‘ಇನ್ನು ಕೆಲಸ ಬೇಕಿಲ್ಲ’ ಎಂಬ ಪತ್ರ ಕೊಡುವುದು ರಾಜ್ಯ, ಬ್ಯಾಂಕು ಕೇಳುವುದೂ ಅದನ್ನೇ. ಕೂಲಿಗಳಿಗೆ ಡೇವಿಸ್-ಬೇಕನ್ ಎಂಬ ಫೆಡರಲ್ ಕನಿಷ್ಠ ಕೂಲಿ ಕಾಯ್ದೆಯ ವೇತನ ದರ ಅನ್ವಯಿಸುತ್ತದೆ. ಟೆಂಡರಿನಲ್ಲೇ ಅದನ್ನು ಸೇರಿಸದಿದ್ದರೆ ಆಮೇಲೆ ವ್ಯತ್ಯಾಸವನ್ನು ನೀವೇ ತುಂಬಬೇಕು. ಹೊರಗಿನಿಂದ ತರುವ ಮಣ್ಣನ್ನೂ ಪರೀಕ್ಷಿಸಿ. ‘ಶುದ್ಧ ಮಣ್ಣು’ ಎಂದು ಲಾರಿಯಲ್ಲಿ ಬಂದದ್ದು ಇನ್ನೊಂದು ಹಳೆಯ ಕಾರ್ಖಾನೆಯ ಮಣ್ಣಾಗಿದ್ದರೆ ಎಲ್ಲವೂ ಮೊದಲಿನಿಂದ.

ಹೊದಿಕೆಯಡಿ ವಿಷ ಉಳಿಸಿದ ಜಾಗಕ್ಕೆ ಬಳಕೆಯ ನಿರ್ಬಂಧ ಬರುತ್ತದೆ: ಬಾವಿ ತೋಡಬಾರದು, ಹೊದಿಕೆ ಒಡೆಯಬಾರದು, ಕೆಲವೆಡೆ ಮನೆ ಕಟ್ಟಬಾರದು. ಅದನ್ನು ಭೂದಾಖಲೆಯಲ್ಲಿ ನೋಂದಾಯಿಸಿ, ನಿರ್ಬಂಧದ ಗಡಿಯನ್ನು ಸಿಟಿಯ ಕಟ್ಟಡ ಪರವಾನಗಿ ವಿಭಾಗದ ನಕ್ಷೆಯ ಮೇಲೂ ಹಾಕಿಸಿ. ಹತ್ತು ವರ್ಷದ ನಂತರ ಕೊಳವೆ ಹಾಕಲು ಅಗೆಯುವ ಪ್ಲಂಬರ್ ಭೂದಾಖಲೆ ಓದುವುದಿಲ್ಲ, ಪರವಾನಗಿ ಕೇಳಲು ಮಾತ್ರ ಬರುತ್ತಾರೆ. ಹೊದಿಕೆಯ ಬಿರುಕು, ಇಲಿ ಬಿಲ, ಮರದ ಬೇರು ನೋಡಲು ವರ್ಷಕ್ಕೊಮ್ಮೆ ಯಾರು ಹೋಗುತ್ತಾರೆ, ಆ ಖರ್ಚು ಯಾವ ಲೆಕ್ಕದಿಂದ ಎಂಬುದನ್ನು ಅನುದಾನದ ಅವಧಿ ಮುಗಿಯುವ ಮೊದಲೇ ಬರಹದಲ್ಲಿ ಗೊತ್ತುಮಾಡಿ.